ಉಪ್ಪು ಕಾಗದ

ಸದರ್ನ್ ಅವೆನ್ಯೂವಿನ ನಮ್ಮ ಬಿಲ್ಡಿಂಗಿನ ಕೆಳಗೆ ಎರಡೇ ವರ್ಷಗಳಲ್ಲಿ ಹೊಸ ಕಾರುಗಳು ಒಂದರ ಹಿಂದೊಂದು ಬಂದು ನಿಂತವು. ಹೆಚ್ಚಿನವು ಸೆಕ್ಟರ್ ಫೈವಿನ ಕಂಪ್ಯೂಟರ್ ಆಫೀಸುಗಳಿಗೆ ಹೋಗುವ ಹುಡುಗ ಹುಡುಗಿಯರವು. ಅವುಗಳ ನಡುವೆ ನಮ್ಮ ಹಳೆಯ ಬಿಳಿ ಕಾರು. ನನ್ನ ಯಜಮಾನರು ತೀರಿಕೊಂಡ ಮೇಲೆ ಎಂಟು ತಿಂಗಳು ಅದು ಅಲ್ಲಾಡಿರಲಿಲ್ಲ. ಇಲ್ಲಿಯ ಬಂಗಾಳಿಗಳ ದಸರಾ, ಅಂದರೆ ಪೂಜೋ, ಮುಗಿದ ವಾರ ಬಿಲ್ಡಿಂಗ್ ಸೆಕ್ರೆಟರಿ ಬಂದು, ವೆರಿ ಪೊಲೈಟ್ ಆಗಿಯೇ, ಜಾಗವಿರುವುದು ಓಡುವ ಗಾಡಿಗಳಿಗೆ ಮಾತ್ರ ಎಂದರು. ಭಾನುವಾರದೊಳಗೆ ಸ್ಟಾರ್ಟ್ ಆದರೆ ಇರಲಿ, ಇಲ್ಲವಾದರೆ ಗುಜರಿಯವನಿಗೆ ಹೇಳುತ್ತೇನೆ ಎಂದರು.

ನನಗೆ ಡ್ರೈವಿಂಗ್ ಬಾರದು. ಆದರೂ ಆ ಡ್ರೈವರ್ ಸೀಟಿನಲ್ಲಿ ಇಪ್ಪತ್ತೆಂಟು ವರ್ಷ ಕೂತವಳು ನಾನು. ಕಾರು ಮುನಿಸಿಕೊಂಡಾಗಲೆಲ್ಲ ರೈಲ್ವೇ ಇಂಜಿನಿಯರಾಗಿದ್ದ ಇವರು ಬಾನೆಟ್ ಎತ್ತಿ ಅದರ ಹಿಂದೆ ಮಾಯವಾಗುತ್ತಿದ್ದರು. ದನಿ ಮಾತ್ರ ಬರುತ್ತಿತ್ತು. "ಹೂಂ" ಅಂದರೆ ಕೀ ತಿರುಗಿಸಬೇಕು. "ಸಾಕು ಕಣೇ" ಅಂದರೆ ಬಿಡಬೇಕು. ಹೀಗಾಗಿ ರಿಪೇರಿಯೆಲ್ಲ ನನಗೆ ಕಿವಿಯಿಂದ ಗೊತ್ತು, ಕಣ್ಣಿಂದಲ್ಲ.

ಶನಿವಾರ ಬೆಳಿಗ್ಗೆ ರಸ್ತೆ ತಿರುವಿನ ಗ್ಯಾರೇಜಿನ ಮಿಸ್ತ್ರಿ ಬ್ಯಾಟರಿ ಹೊತ್ತು ಬಂದ, ಹೊಸ ಪೆಟ್ರೋಲ್ ಸುರಿದ. ಮೂರನೇ ಮಹಡಿಯ ಬೆಂಗಳೂರು ಹುಡುಗಿ, ಅವಳದೂ ಐಟಿ ಕೆಲಸವೇ, ಕಾಫಿ ಮಗ್ ಹಿಡಿದು ತಮಾಷೆ ನೋಡಲು ಇಳಿದಳು. ಇಂಜಿನ್ ಗರಗರ ತಿರುಗಿತೇ ಹೊರತು ಹತ್ತಿಕೊಳ್ಳಲಿಲ್ಲ. ಕೇಳಿಸಿಕೊಂಡಿದ್ದನ್ನು ನಾನು ವರಸೆಯಾಗಿ ಒಪ್ಪಿಸಿದೆ. ಮೊದಲು ಮೂಸಿ ನೋಡು. ಪೆಟ್ರೋಲ್ ವಾಸನೆ ಇತ್ತು, ಅಂದರೆ ಕಾರ್ಬ್ಯುರೇಟರಿಗೆ ಪೆಟ್ರೋಲ್ ಬರುತ್ತಿದೆ. ಇನ್ನು ಪ್ಲಗ್ ಬಿಚ್ಚಿ ಇಂಜಿನ್ನಿನ ಕಬ್ಬಿಣಕ್ಕೆ ತಾಗಿಸಿ ಹಿಡಿ. ನಾನು ಕೀ ತಿರುಗಿಸಿದೆ. ಕಿಡಿ ಬರಲಿಲ್ಲ.

"ಕರೆಂಟ್ ನೇಯಿ, ಮಾಶಿಮಾ." ಕರೆಂಟೇ ಇಲ್ಲ, ಚಿಕ್ಕಮ್ಮ ಅಂದ ಮಿಸ್ತ್ರಿ.

ಹಾಗಾದರೆ ವೈರುಗಳ ಗುಂಡು ಮುಚ್ಚಳ ತೆಗೆ ಎಂದೆ. ಕಿಡಿಗೆ ಕರೆಂಟ್ ಕಳಿಸುವ ಪಾಯಿಂಟುಗಳು ಅದರೊಳಗೇ. ಇವರು ಅಲ್ಲಿಗೆ ಬಂದಾಗ ಗೊಣಗುತ್ತಿದ್ದುದು ಒಂದೇ ಮಾತು: "ಪಾಯಿಂಟ್ ಕಪ್ಪಗಾಗಿದೆ, ಉಪ್ಪು ಕಾಗದ ಹಾಕಿ ಉಜ್ಜಬೇಕು." ನಾನದನ್ನು ಅಚ್ಚುಕಟ್ಟಾಗಿ ಬಂಗಾಳಿಗೆ ತಂದೆ: "ನೂನ್ ಕಾಗೊಜ್ ದಿಯೆ ಘೊಶೋ."

"ನೂನ್?" ಮಿಸ್ತ್ರಿ ಸ್ಪ್ಯಾನರ್ ಕೆಳಗಿಟ್ಟ. "ಗಾಡಿ ರಾನ್ನಾ ಕೊರ್ಬೇನ್ ನಾಕಿ?" ಕಾರನ್ನು ಅಡುಗೆ ಮಾಡುತ್ತೀರಾ ಅಂತ!

ನನಗೆ ರೇಗಿತು. ಮೇಲೆ ಹೋಗಿ ಉಪ್ಪಿನ ಡಬ್ಬಿಯನ್ನೂ ಒಂದು ಹಾಳೆಯನ್ನೂ ತಂದು ಬಾನೆಟ್ಟಿನ ಪಕ್ಕದಲ್ಲಿಟ್ಟೆ. ಹುಡುಗಿ ನಕ್ಕು ಕಾಫಿ ಚೆಲ್ಲಿಕೊಂಡಳು.

"ಆಂಟೀ, ಉಪ್ಪು ಕಾಗದ ಅಂದ್ರೆ ಸ್ಯಾಂಡ್‌ಪೇಪರ್! ನಮ್ಮಜ್ಜ ಬಡಗಿ, ನಂಗೊತ್ತು."

"ಅದ್ರಲ್ಲಿ ಉಪ್ಪಿರಲ್ವೇನೇ?"

"ಬೇಕಾದ್ರೆ ನೆಕ್ಕಿ ನೋಡಿ!"

ನಾನು ಓದಿದ ಕಾನ್ವೆಂಟಿನಲ್ಲಿ ಕನ್ನಡ ಆಡಿದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ನನಗೆ ಬಂದದ್ದು ಅಡುಗೆಮನೆಯ ಕನ್ನಡ, ಅಲ್ಲಿ ಉಪ್ಪು ಅಂದರೆ ಉಪ್ಪೇ. ಹತ್ಯಾರಗಳ ಕನ್ನಡವೆಲ್ಲ ಮೈಸೂರಿನ ಇವರದು. ಡಿಕ್ಕಿ ತೆರೆದು, ಹತ್ಯಾರ ತುಂಬಿದ್ದ ಇವರ ಬಿಸ್ಕತ್ ಡಬ್ಬದಲ್ಲಿ ಹುಡುಕಿದೆ. ನಾಲ್ಕು ಮಡಿಕೆಯ ಕಂದು ಕಾಗದ ಸಿಕ್ಕಿತು. ನಡುವೆ ಇವರ ಹೆಬ್ಬೆರಳಿನಷ್ಟಗಲ ಮಾತ್ರ ಸವೆದು ನುಣ್ಣಗಾಗಿತ್ತು. ನಾನು ನನ್ನ ಹೆಬ್ಬೆರಳು ಇಟ್ಟು ನೋಡಿದೆ. ಸುತ್ತ ಜಾಗ ಉಳಿಯಿತು.

ಮಿಸ್ತ್ರಿ ತನ್ನ ಹೊಸದನ್ನು ತೆಗೆಯಹೋದ. ಬೇಡ, ಇದೇ ಎಂದೆ. ಸವೆಯದ ಅಂಚಿನಿಂದ ಉಜ್ಜಿದ. ಪಾಯಿಂಟುಗಳ ಸಂದಿಯಲ್ಲಿ ಒಂದು ವಿಸಿಟಿಂಗ್ ಕಾರ್ಡ್ ತೂರುವಷ್ಟು ಬಿಡುವಿರಬೇಕು ಎಂದು ನಾನಂದಾಗ ಮಾತ್ರ ಒಪ್ಪಿ ತಲೆದೂಗಿದ. ಹುಡುಗಿ ತನ್ನ ಆಫೀಸಿನ ಕಾರ್ಡ್ ಕೊಟ್ಟಳು. ಮಿಸ್ತ್ರಿ ಪ್ಲಗ್ಗನ್ನೂ ಮುಚ್ಚಳವನ್ನೂ ಮತ್ತೆ ಹಾಕಿದ.

ನಾನು ಚೋಕ್ ಎಳೆದು ಕೂತೆ. ಎತ್ತಿದ ಬಾನೆಟ್ಟಿನ ಹಿಂದೆ ಯಾರೂ ಕಾಣುತ್ತಿರಲಿಲ್ಲ. "ದಿನ್!" ಅಂದ ಮಿಸ್ತ್ರಿ, ಕೀ ಕೊಡಿ ಅಂತ. ಕೈ ಏಳಲಿಲ್ಲ. "ದಿನ್, ಮಾಶಿಮಾ!" ಕಿಟಕಿಯ ಪಕ್ಕದಲ್ಲಿದ್ದ ಹುಡುಗಿ ಬಗ್ಗಿ, "ಹೂಂ, ಆಂಟಿ" ಅಂದಳು.

ತಿರುಗಿಸಿದೆ. ಎರಡು ಸಲ ಕೆಮ್ಮಿ, ಆಮೇಲೆ ಮೈ ಕೊಡವಿಕೊಂಡು ಇಂಜಿನ್ ಓಡತೊಡಗಿತು. ಬಾಲ್ಕನಿಯಿಂದ ಸೆಕ್ರೆಟರಿ ಬಗ್ಗಿ ನೋಡಿ, ಕೈ ಎತ್ತಿ, ಸೋತೆ ಎಂಬಂತೆ ನಕ್ಕರು. ಕಾರು ಉಳಿಯಿತು.

ಆದರೆ ನಾನು ಇಪ್ಪತ್ತೆಂಟು ವರ್ಷ ಆ ಕಾಗದದಲ್ಲಿ ಉಪ್ಪಿದೆ ಎಂದುಕೊಂಡಿದ್ದೆ ಅಂತ ಯಾರಿಗೆ ಹೇಳಲಿ? ಆ ಬಾನೆಟ್ಟಿಗೇ ಒರಗಿ, ಕನ್ನಡಕ ತೆಗೆದು, ಕಣ್ಣೊರೆಸಿಕೊಂಡು ನಗಬೇಕಾದವರು ಒಬ್ಬರೇ.

ಪೆಟ್ರೋಲ್ ಸುಮ್ಮನೆ ಉರೀತಿದೆ, ಆಫ್ ಮಾಡಿ ಎಂದು ಮಿಸ್ತ್ರಿ ಎರಡು ಸಲ ಕೂಗಿದ. ನಾನು ಕೀ ಮುಟ್ಟಲಿಲ್ಲ. "ಸಾಕು ಕಣೇ" ಅಂತ ಇನ್ನೂ ಯಾರೂ ಅಂದಿರಲಿಲ್ಲ.