ಟ್ರಿಪ್ ಶೀಟಿನ ಹಿಂಬದಿ

ಕಾಪುವಿನಲ್ಲಿ ಯಾರ ಮನೆಯಲ್ಲಾದರೂ ಮೆಹಂದಿ ಕಾರ್ಯಕ್ರಮವಿದ್ದರೆ ಮೈಕ್ ತರಿಸುವಾಗಲೇ ನನ್ನನ್ನೂ ಕರೆಸುತ್ತಿದ್ದರು. ಮೀನು ಮಾರುವ ಹೆಂಗಸರ ಜಗಳ, ನಮ್ಮ ಹಳೆಯ ಹೆಡ್‌ಮಾಸ್ಟರರ ಕೆಮ್ಮು, ಬಿ.ಕಾಂ.ನಲ್ಲಿ ಮೂರನೆಯ ಸಲ ಫೇಲಾದ ಮಗನಿಗೆ ನನ್ನ ಅಪ್ಪ ಬೈಯುವ ವರಸೆ, ಎಲ್ಲವೂ ನನ್ನ ಗಂಟಲಲ್ಲಿ ಉಂಟು. ಇವೆಲ್ಲಕ್ಕಿಂತ ದೊಡ್ಡ ಚಪ್ಪಾಳೆ ಬೀಳುತ್ತಿದ್ದದ್ದು ಒಬ್ಬ ಕಂಡಕ್ಟರಣ್ಣನ ಸ್ವರಕ್ಕೆ.

ಉಡುಪಿ–ಕಾಪು ದಾರಿಯಲ್ಲಿ ಎಲ್ಲ ಸ್ಟಾಪಿಗೂ ನಿಲ್ಲುವ ಸರ್ವಿಸ್ ಬಸ್ಸಿನಲ್ಲಿ ಇಪ್ಪತ್ತು ವರ್ಷಕ್ಕಿಂತ ಹೆಚ್ಚು ದುಡಿದವರು ಅವರು. ಹಿಂದಿನ ಬಾಗಿಲಲ್ಲಿ ನಿಂತು “ದುಂಬು ಪೋಲೆ, ದುಂಬು ಪೋಲೆ” ಎಂದರೆ ಎಂಥ ಗಟ್ಟಿಗನೂ ಮುಂದೆ ಸರಿಯುತ್ತಿದ್ದ. “ರೈಟ್, ಪೋಯಿ” ಎಂದರೆ ಡ್ರೈವರನಿಗಿಂತ ಮೊದಲು ಬಸ್ಸೇ ಹೊರಟ ಹಾಗಿರುತ್ತಿತ್ತು. ಅವರ ಎದುರಲ್ಲೇ ನಾನು ಅವರಂತೆ ಕೂಗಿದರೆ ಸಿಟ್ಟಾಗುತ್ತಿರಲಿಲ್ಲ. ಟಿಕೆಟ್ ಕೊಡುತ್ತಾ, ಸ್ವಲ್ಪ ಕಫ ಸಾಲದು ಮಾರಾಯ ಎಂದು ತಿದ್ದುತ್ತಿದ್ದರು.

ಆ ಕಫ ಕ್ಯಾನ್ಸರಿನದ್ದಾಗಿತ್ತು.

ಮಣಿಪಾಲದಲ್ಲಿ ಆಪರೇಷನ್ ಆಯಿತು. ಸ್ವರಪೆಟ್ಟಿಗೆ ತೆಗೆದರು. ಉಸಿರಿಗೆಂದು ಕುತ್ತಿಗೆಯಲ್ಲಿ ಒಂದು ತೂತು, ಅದರ ಮೇಲೊಂದು ತೆಳ್ಳಗಿನ ಬಟ್ಟೆ. ಮನೆಗೆ ಬಂದ ಮೇಲೆ ಅಣ್ಣ ತಮ್ಮಲ್ಲಿ ಉಳಿದಿದ್ದ ಟ್ರಿಪ್ ಶೀಟುಗಳ, ಅಂದರೆ ಕಂಡಕ್ಟರ್ ಪ್ರತಿ ಟ್ರಿಪ್ಪಿಗೆ ತುಂಬಿಸುವ ಹಾಳೆಗಳ, ಹಿಂಬದಿಯಲ್ಲಿ ಬರೆದು ಮಾತಾಡತೊಡಗಿದರು. ಬರೆಯುತ್ತಿದ್ದದ್ದು ತುಳು, ಅಕ್ಷರ ಕನ್ನಡದ್ದು.

ಅವರ ಹೆಂಡತಿಗೆ ಮಾತ್ರ ಅಕ್ಷರ ಬರುತ್ತಿರಲಿಲ್ಲ. ಎಂಟನೆಯ ವಯಸ್ಸಿಗೆ ಮಡಿಲಿಗೆ ಬೀಡಿಯ ಮೊರ ಬಂದ ಮೇಲೆ ಆ ಅಕ್ಕ ಶಾಲೆಯ ಮುಖ ನೋಡಿದವರಲ್ಲ. ಅವರು ಕಟ್ಟಿದ್ದೂ ಬೀಡಿ, ಗಂಡ ಸೇದಿದ್ದೂ ಬೀಡಿ. ಎಲ್ಲದಕ್ಕೂ ಒಂದು ಜೋಕು ಕಟ್ಟುವ ನಾನು ಇದನ್ನು ಹಾಗೆಯೇ ಬಿಟ್ಟಿದ್ದೇನೆ.

ಯುವಕ ಮಂಡಲದ ಕೋಣೆಯಲ್ಲಿ ಮಧ್ಯಾಹ್ನ ಮೂರಕ್ಕೆ ದೊಡ್ಡವರ ಅಕ್ಷರ ತರಗತಿ ನಡೆಯುತ್ತಿತ್ತು. ಕಲಿಸುವವನು ನಾನು. ನಗಬೇಡಿ. ಫೇಲಾದವನಿಗೆ ಪುರುಸೊತ್ತು ಹೆಚ್ಚು ಎಂದು ಮಂಡಲದವರೇ ಕೂರಿಸಿದ್ದು. ಕೃಷ್ಣಾಷ್ಟಮಿ ಕಳೆದ ಮರುವಾರ ಅಕ್ಕ ಸ್ಲೇಟು ಹಿಡಿದು ಬಂದರು. ಕೂರುವ ಮೊದಲೇ ಕೇಳಿದರು:

“ಓದಲಿಕ್ಕೆ ಎಷ್ಟು ದಿನ ಬೇಕು ಮಾಷ್ಟ್ರೇ?”

“ಎಕ್ಸ್‌ಪ್ರೆಸ್ಸಾ, ಸರ್ವಿಸ್ಸಾ?” ಅವರ ಗಂಡನ ಸ್ವರದಲ್ಲೇ ಕೇಳಿದೆ. ಉಳಿದ ಹೆಂಗಸರು ನಕ್ಕರು.

“ಪುನಃ ಬಂದಿದೆಯಂತೆ. ಎದೆಯಲ್ಲಿ. ದೀಪಾವಳಿವರೆಗೆ ಅಂತ ಡಾಕ್ಟ್ರು ಹೇಳಿದ್ದಾರೆ.”

ಇಷ್ಟು ಕೇಳಿದ ಮೇಲೂ ನಾನು ಮೊದಲ ಹತ್ತು ದಿನ ಮಾಡಿದ್ದೇನೆಂದರೆ ನಗಿಸಿದ್ದು. ಅ ಬರೆಯುವುದು, ಅದನ್ನು ಹೆಡ್‌ಮಾಸ್ಟರರ ಕೆಮ್ಮಿನಲ್ಲಿ ಓದುವುದು. ಆ ಬರೆಯುವುದು, ಮೀನಿನವರ ಜಗಳದಲ್ಲಿ ಓದುವುದು. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕು ನಾಲ್ಕು ಗಂಟೆಗೆ ಎದ್ದು ಹೋಗುತ್ತಿದ್ದರು. ಅಕ್ಕ ಸ್ಲೇಟನ್ನು ತೊಡೆಯ ಮೇಲಿಟ್ಟುಕೊಂಡು ಕಾಯುತ್ತಿದ್ದರು.

ಅಕ್ಷರ ಬರುವವರೆಗೆ ಸಂಜೆ ಹೊತ್ತು ಮನೆಗೆ ಬಂದು ಓದಿ ಹೇಳು ಎಂದು ಅವರೇ ಕೇಳಿಕೊಂಡಿದ್ದರು. ಹೋದೆ. ಮೊದಲ ದಿನ ಅಣ್ಣ ಬರೆದದ್ದು ಗಂಜಿ ಬಿಸಿ ಹೆಚ್ಚಾಯಿತು ಎಂದು. ನಾಲಿಗೆ ನನ್ನ ಮಾತು ಕೇಳಬೇಕಲ್ಲ, ಅದನ್ನು ಅವರದ್ದೇ ಹಳೆಯ ಸ್ವರದಲ್ಲಿ, ಕಫ ಸಮೇತ ಓದಿಬಿಟ್ಟೆ. ಬೀಡಿಯ ಎಲೆ ಕತ್ತರಿಸುತ್ತಿದ್ದ ಅಕ್ಕನ ಕೈ ನಿಂತಿತು. ಅಣ್ಣ ನಕ್ಕರು, ಕುತ್ತಿಗೆಯ ಬಟ್ಟೆ ಮಾತ್ರ ಹಾರಿತು. ಆಮೇಲೆ ಇನ್ನೊಮ್ಮೆ ಎಂದು ಬರೆದರು. ಹಾಗೆ ಆ ಹತ್ತು ದಿನವೂ ನಾನು ಅವರ ಗಂಟಲಾದೆ. ಔಷಧಿ, ಫ್ಯಾನು, ಮೀನು ಎಷ್ಟಕ್ಕೆ ತಂದೆ, ಎಲ್ಲ ನನ್ನ ಬಾಯಿಂದ ಅವರ ಸ್ವರದಲ್ಲಿ. ಒಳ್ಳೆಯ ಪಾರ್ಟು ಸಿಕ್ಕಿತು ಎಂದು ಒಳಗೊಳಗೇ ಖುಷಿಯೂ ಇತ್ತು. ಸುಳ್ಳು ಯಾಕೆ ಹೇಳಲಿ.

ಒಂದು ಸಂಜೆ ಅವರು ಉದ್ದಕ್ಕೆ ಏನೋ ಬರೆಯತೊಡಗಿದರು. ಎರಡು ಸಾಲಾಯಿತು. ತಲೆಯೆತ್ತಿ ಹೆಂಡತಿಯನ್ನು ನೋಡಿದರು, ಆಮೇಲೆ ಓದಲು ಕೈ ಚಾಚಿದ್ದ ನನ್ನನ್ನು ನೋಡಿದರು. ಹಾಳೆ ಮುದುಡಿ ದಿಂಬಿನಡಿ ಹಾಕಿ, ಬೇರೆ ಹಾಳೆಯಲ್ಲಿ ನೀರು ಎಂದು ಬರೆದು ಕೊಟ್ಟರು. ನೀರು ಎಂದು ಓದಿದೆ. ಪಕ್ಕದ ಸ್ಟೂಲಿನ ಮೇಲೆ ಲೋಟ ತುಂಬಿಯೇ ಇತ್ತು.

ಆಗ ನನ್ನ ಮಂದ ಬುದ್ಧಿಗೆ ಹೊಳೆಯಿತು. ಇವರಿಗೆ ಹೆಂಡತಿಯ ಹತ್ತಿರ ಏನೋ ಹೇಳಲಿಕ್ಕುಂಟು, ಅದು ನನ್ನ ಬಾಯಿಯ ಮೂಲಕ ಹೋಗುವಂಥದ್ದಲ್ಲ. ಎದ್ದು ಹೊರಡುವಾಗ ಅವರು ಇನ್ನೊಂದು ಚೀಟಿ ಕೊಟ್ಟರು. ಅವಳು ಕಲಿಯಲಿ ಎಂದಿತ್ತು. ಅದನ್ನು ಯಾರ ಸ್ವರದಲ್ಲೂ ಓದಲಿಲ್ಲ.

ಮರುದಿನದಿಂದ ತರಗತಿಯಲ್ಲಿ ಮಿಮಿಕ್ರಿ ಬಂದ್. ಸಾಕ್ಷರತೆಯ ಪುಸ್ತಕವನ್ನೂ ಅಕ್ಕ ಬದಿಗಿಟ್ಟರು. ಅವರು ಬರೆಯುವ ಹಾಗೆಯೇ ಕಲಿಸು ಎಂದರು. ಅದು ಸುಲಭವಿರಲಿಲ್ಲ. ಅಣ್ಣನದ್ದು ಓಡುವ ಬಸ್ಸಿನಲ್ಲಿ ಕಂಬಕ್ಕೆ ಒರಗಿ ಬರೆದು ಬಂದ ಕೈ. ಅಲ್ಲಾಡದ ಮಂಚದ ಮೇಲೆ ಕೂತು ಬರೆದರೂ ಅಕ್ಷರಗಳು ಬ್ರೇಕ್ ಹಾಕಿದ ಹಾಗೆ ಒಂದರ ಮೇಲೊಂದು ಬೀಳುತ್ತಿದ್ದವು. ಆದರೂ ಅಕ್ಕ ಕಾಗುಣಿತದ ಅರ್ಧಕ್ಕೆ ಬಂದರು. ಕಾಪು ಎಂಬ ಬೋರ್ಡು ಓದಿದ ದಿನ ಅದನ್ನು ಗಂಡನಿಗೆ ಹೇಳಲು ಓಡಿದ್ದರು.

ದೀಪಾವಳಿಗೆ ಎಂಟು ದಿನ ಇರುವಾಗ ಅಣ್ಣ ಹೋದರು.

ಹದಿಮೂರನೆಯ ದಿನದ ಬೊಜ್ಜ, ಅಂದರೆ ಉತ್ತರಕ್ರಿಯೆ, ಮುಗಿದ ಮೇಲೆ ಅಕ್ಕ ಮತ್ತೆ ತರಗತಿಗೆ ಬಂದರು. ನಾಲ್ಕು ಮಡಿಕೆಯ ಒಂದು ಟ್ರಿಪ್ ಶೀಟು ಕೈಯಲ್ಲಿತ್ತು. ಹೋಗುವುದಕ್ಕೆ ಆರು ದಿನ ಮೊದಲು ಅಣ್ಣ ಇದನ್ನು ಅವರ ಕೈಗಿಟ್ಟಿದ್ದರಂತೆ. ಓದುತ್ತೇನೆ, ಇನ್ನು ಸ್ವಲ್ಪ ಕಲಿಯಲಿಕ್ಕುಂಟು ಎಂದು ಇವರು ಜೋಪಾನವಾಗಿ ಎತ್ತಿಟ್ಟಿದ್ದರಂತೆ. ದೀಪಾವಳಿವರೆಗೆ ದಿನ ಉಂಟಲ್ಲ ಎಂದು.

ಕೊಡಿ, ಸಾದಾ ಸ್ವರದಲ್ಲಿ ಓದುತ್ತೇನೆ ಎಂದೆ.

“ಬೇಡ ಮಾಷ್ಟ್ರೇ. ನಿನ್ನ ಗಂಟಲಲ್ಲಿ ಅವರು ಇದ್ದಾರೆ. ಅದಕ್ಕೇ ಬೇಡ.”

ಅಂದಿನಿಂದ ಅವರು ದಿನಕ್ಕೆರಡು ಅಕ್ಷರಗಳನ್ನು ಆ ಹಾಳೆಯಿಂದ ಸ್ಲೇಟಿಗೆ ನಕಲು ಮಾಡಿ ತಂದು, ಇದು ಎಂತದು ಎಂದು ಕೇಳತೊಡಗಿದರು. ನನಗೆ ವಾಕ್ಯ ಸಿಗಬಾರದೆಂದು ಒಂದನ್ನು ಮೊದಲಿನಿಂದ, ಇನ್ನೊಂದನ್ನು ಕೊನೆಯಿಂದ ಆರಿಸಿ ತರುತ್ತಿದ್ದರು. ನಿನ್ನ ಬುದ್ಧಿ ನನಗೆ ಗೊತ್ತಿಲ್ವಾ ಎಂದೂ ಹೇಳಿದರು. ಸರಿಯಾಗಿಯೇ ಗೊತ್ತಿತ್ತು. ಹಾಜರಿ ಪುಸ್ತಕದ ಕೊನೆಯ ಪುಟದಲ್ಲಿ ನಾನು ಅವನ್ನೆಲ್ಲ ಕದ್ದು ಬರೆದಿಟ್ಟು ಮನೆಯಲ್ಲಿ ಜೋಡಿಸಿ ನೋಡುತ್ತಿದ್ದೆ. ಒಂದು ಸಲ ಕ್ಷಮೆ ಕೇಳಿದ ಹಾಗೆ ಬರುತ್ತಿತ್ತು, ಇನ್ನೊಂದು ಸಲ ಏನೂ ಇಲ್ಲ.

ಸಂಕ್ರಾಂತಿಯ ಹೊತ್ತಿಗೆ ಒಂದು ದಿನ ಅಕ್ಕ ಖಾಲಿ ಸ್ಲೇಟು ತಂದರು.

“ಓದಿ ಆಯಿತಾ ಅಕ್ಕ?”

“ಆಯಿತು.” ಸ್ವಲ್ಪ ಹೊತ್ತು ಸ್ಲೇಟಿನ ಚೌಕಟ್ಟನ್ನೇ ಉಜ್ಜಿದರು. “ಒಂದು ಕೇಳಿದ್ದಾರೆ. ನಾನು ಹೌದು ಅಂದಿದ್ದರೆ ಸಾಕಿತ್ತು. ಆರು ದಿನ ನನ್ನ ಮುಖವನ್ನೇ ನೋಡುತ್ತಾ ಇದ್ದರು ಮಾಷ್ಟ್ರೇ. ನಾನು ಗಂಜಿ ಬೇಕಾ ಅಂತ ಕೇಳುತ್ತಿದ್ದೆ.”

ಏನು ಕೇಳಿದ್ದರು ಎಂದು ನಾನು ವಿಚಾರಿಸಲಿಲ್ಲ. ಅವರು ಸ್ಲೇಟು ಮುಂದಿಟ್ಟು ಇವತ್ತಿನ ಪಾಠ ಎಂತ ಎಂದರು. ಒತ್ತಕ್ಷರ ಎಂದೆ, ಬರೆದುಕೊಟ್ಟೆ. ನಾಲ್ಕು ಗಂಟೆಗೆ ಎಲ್ಲರೂ ಎದ್ದು ಹೋದರು.

ಹಾಜರಿ ಪುಸ್ತಕದ ಆ ಕೊನೆಯ ಪುಟವನ್ನು ಹರಿದು ಹಾಕಿದೆ. ಮುಚ್ಚುವ ಮೊದಲು ಅಷ್ಟಮಿಯ ನಂತರದ ಪುಟ ತೆರೆದು ನೋಡಿದೆ. ಹತ್ತು ದಿನವೂ ಅಕ್ಕನ ಸಾಲಿನಲ್ಲಿ ಹಾಜರಿಯ ಗುರುತಿತ್ತು. ಏನು ಪಾಠ ಮಾಡಿದೆ ಎಂದು ಬರೆಯುವ ಜಾಗ ಹತ್ತು ದಿನವೂ ಖಾಲಿ.