ಗೆರೆಕಲ್ಲಿನ ಸುಣ್ಣ

ನಮ್ಮ ಮನೆಯ ಹಿತ್ತಿಲ ಬಾಗಿಲ ಪಕ್ಕದ ಮೊಳೆಯಲ್ಲಿ ತೆಂಗಿನ ನಾರಿನ ಕುಂಚವೊಂದು ನೇತಾಡುತ್ತಿದೆ. ಸುಣ್ಣ ಕುಡಿದು ಕುಡಿದು ಅದರ ಎಳೆಗಳೆಲ್ಲ ಬಿರುಸಾಗಿ, ಈಗ ಗೋಡೆಗೆ ಹಚ್ಚಿದರೆ ಸುಣ್ಣ ಹತ್ತುವ ಬದಲು ಗೋಡೆಯೇ ಕಿತ್ತು ಬಂದೀತು. ಸೊಸೆ ವರ್ಷಕ್ಕೊಮ್ಮೆ ಅದನ್ನು ಎಸೆಯಲು ಎತ್ತಿಕೊಳ್ಳುತ್ತಾಳೆ, ನಾನು ವರ್ಷಕ್ಕೊಮ್ಮೆ ಬೇಡವೆನ್ನುತ್ತೇನೆ. ಈ ವಯಸ್ಸಿನಲ್ಲಿ ನನ್ನ ಮಾತು ನಡೆಯುವ ವಿಷಯ ಬಹುಶಃ ಇದೊಂದೇ. ಯಾಕೆಂದು ಅವಳು ಕೇಳಿಲ್ಲ, ನಾನೂ ಹೇಳಿಲ್ಲ. ಹೇಳುವುದಕ್ಕೂ ತ್ರಾಣ ಬೇಕಲ್ಲ. ನಿಮಗಾದರೆ ಹೇಳಬಹುದು, ನೀವು ಕೇಳಿ ಎದ್ದು ಹೋಗುವವರು.

ಕೊಡಗು ತಾನೇ ಒಂದು ರಾಜ್ಯವಾಗಿದ್ದ ಕಾಲವದು. ಹಾಸನದ ಕಡೆಯಿಂದ ಬಂದ ನಮ್ಮಂಥ ಹತ್ತಾರು ಒಕ್ಕಲು ಮನೆಗಳು ಕುಶಾಲನಗರದ ಕೆಳಗೆ ಕಾವೇರಿಯ ದಂಡೆಯಲ್ಲಿ ಬೇರು ಬಿಟ್ಟಿದ್ದವು. ಈಚೆ ದಡ ಕೊಡಗು, ಆಚೆ ದಡ ಮೈಸೂರು. ನಡುವೆ ಕೂಗಿದರೆ ಕೇಳಿಸುವಷ್ಟು ಅಗಲದ ನೀರು. ಆ ನೀರನ್ನು ದಾಟಿಸಲು ಕೆಂಚಯ್ಯನೆಂಬ ಅಂಬಿಗ, ಅವನದೊಂದು ಹರಿಗೋಲು. ರಾಜ್ಯಗಳೆರಡೂ ತಮ್ಮ ತಮ್ಮ ಠೀವಿಯಲ್ಲಿದ್ದರೆ ಕೆಂಚಯ್ಯ ಬೀಡಿ ಕಚ್ಚಿಕೊಂಡು ದಿನಕ್ಕೆ ಇಪ್ಪತ್ತು ಸಲ ಅವುಗಳನ್ನು ಒಂದು ಮಾಡುತ್ತಿದ್ದ. ಎಸ್ಟೇಟಿಗೆ ಕೆಲಸ ಹುಡುಕಿ ಬರುವ ಆಳುಗಳು, ಸಂತೆಗೆ ಹೊರಟ ರಾಗಿಚೀಲಗಳು, ಬೀಗರ ಮನೆಯಿಂದ ಮುನಿಸಿಕೊಂಡು ಬಂದ ಹೆಂಗಸರು, ಎಲ್ಲರೂ ಅತ್ತಿಮರದ ಕೆಳಗೆ ಕೂತು ಅವನಿಗಾಗಿ ಕಾಯುತ್ತಿದ್ದರು. ಎರಡು ದಡದಲ್ಲೂ ಮರಕ್ಕೆ ಒಂದೊಂದು ಕಬ್ಬಿಣದ ತುಂಡು ತೂಗುಹಾಕಿತ್ತು. ಒಂದು ಏಟು ಹೊಡೆದರೆ ದಾಟುವವರಿದ್ದಾರೆಂದು ಅರ್ಥ. ಬಿಡದೆ ಹೊಡೆದರೆ ಸಾವು.

ಹೊಳೆ ದಾಟುವ ಆ ಕಡವಿಗೆ ದೊಡ್ಡ ಗುರುತೆಂದರೆ ನೀರಂಚಿನ ಗೆರೆಕಲ್ಲು. ಹಿಂದಿನವರು ಯಾರೋ ಅದರ ಮೈಮೇಲೆ ಉಳಿಯಿಂದ ಒಂದು ಕಚ್ಚು ಕೊರೆದಿದ್ದರು. ಪ್ರತಿವರ್ಷ ಮುಂಗಾರಿಗೆ ಮೊದಲು ಸರದಿಯ ಮನೆಯವರು ಹೋಗಿ, ಹಾವಸೆ ಕೆರೆದು, ಕಚ್ಚು ಹುಡುಕಿ, ಅದರ ಉದ್ದಕ್ಕೂ ಸುಣ್ಣದ ಗೆರೆ ಎಳೆಯಬೇಕು. ನೀರು ಗೆರೆ ಮುಚ್ಚಿತೆಂದರೆ ಹರಿಗೋಲು ಇಳಿಯುವಂತಿಲ್ಲ, ಅಮಲ್ದಾರರೇ ಬಂದು ನಿಂತರೂ ಅಷ್ಟೆ. ಒಬ್ಬರು ಎಳೆದ ಗೆರೆಯನ್ನು ಆ ವರ್ಷವಿಡೀ ಇನ್ನೊಬ್ಬರು ಮುಟ್ಟುವಂತಿರಲಿಲ್ಲ.

ಆ ವರ್ಷ ಸರದಿ ನಮ್ಮದು. ಅಪ್ಪನಿಗೆ ಸೊಂಟ ಹಿಡಿದಿತ್ತಾದ್ದರಿಂದ ಕುಂಚ ನನ್ನ ಕೈಗೆ ಬಂತು. ನನಗಾಗ ಇಪ್ಪತ್ತೆರಡು, ಸುಂಟಿಕೊಪ್ಪದ ಕಡೆಯ ಎಸ್ಟೇಟೊಂದರಲ್ಲಿ ರೈಟರ್ ಕೆಲಸ ಕೇಳಲು ಬಸ್ಸು ಹಿಡಿಯುವ ತರಾತುರಿ. ಒಗೆದ ಅಂಗಿ ತೊಟ್ಟವನಿಗೆ ಹಾವಸೆ ಕೆರೆಯುವ ಮನಸ್ಸೆಲ್ಲಿಂದ ಬರಬೇಕು? ಹಳೆಯ ಸುಣ್ಣದ ಕಲೆ ಕಂಡಲ್ಲಿ ಗೆರೆ ಎಳೆದು ಓಡಿದೆ. ಕೆಲಸ ಸಿಕ್ಕಲಿಲ್ಲ. ಅದನ್ನು ಆಗ ದೊಡ್ಡ ನಷ್ಟವೆಂದುಕೊಂಡಿದ್ದೆ.

ಅಕ್ಕನನ್ನು ಕೊಟ್ಟಿದ್ದು ಆಚೆ ದಡದ ಊರಿಗೆ. ಮೊದಲ ಹೆರಿಗೆ ತವರಿನಲ್ಲಾಗಿತ್ತು. ಎರಡನೆಯದಕ್ಕೆ ಅವ್ವನೇ ಹೋಗಿ ಬಾಣಂತನ ಮಾಡುವುದೆಂದು ಮಾತಾಗಿತ್ತು. ಅದೇ ಮುಂಗಾರಿನಲ್ಲಿ, ದಿನ ತುಂಬುವ ಮುಂಚೆಯೇ ನೋವು ಬಂತು. ಭಾವ ಆಚೆ ದಡದಲ್ಲಿ ನಿಂತು ಕೂಗಿ ಹೇಳಿದರು. ಅವ್ವ ಎಣ್ಣೆ, ಬೆಳ್ಳುಳ್ಳಿ, ಹಳೆಸೀರೆಯ ಗಂಟು ಕಟ್ಟಿಕೊಂಡು ಹೊರಟಳು, ನಾನು ಹಿಂದೆ. ಕೆಂಚಯ್ಯ ಗೆರೆಕಲ್ಲಿಗೆ ಕೋಲು ಇಳಿಸಿ ನೋಡಿದ.

"ಗೆರೆ ಮುಚ್ಚೈತೆ ಕಣವ್ವಾ. ನಾಕು ಬೆರಳು ನೀರು ಮೇಲೈತೆ."

"ನಾಕೇ ಬೆರಳಲ್ವೇನೋ ಕೆಂಚಯ್ಯ. ಮಗಳು ನೋವು ತಿಂತಾವ್ಳೆ."

"ನಿಮ್ಮನೆಯೋರೇ ಎಳೆದ ಗೆರೆ ಕಣವ್ವಾ ಅದು. ನಾನೆಂಗೆ ದಾಟ್ಲಿ?"

ಕುಶಾಲನಗರದ ಸೇತುವೆಗೆ ಸುತ್ತಿ ಹೋಗೋಣವೆಂದರೆ ದಾರಿಯ ಹಳ್ಳ ಅದಕ್ಕೂ ಮೊದಲೇ ಉಕ್ಕಿತ್ತು. ಮೂರು ದಿನ ಅವ್ವ ಗಂಟು ಮಡಿಲಲ್ಲಿಟ್ಟುಕೊಂಡು ಗೆರೆಕಲ್ಲಿನ ಪಕ್ಕದಲ್ಲೇ ಕೂತಳು. ಮಳೆ ಜೋರಾದಾಗ ಅತ್ತಿಮರದಡಿಗೆ, ನಿಂತಾಗ ಮತ್ತೆ ಕಲ್ಲಿನ ಬಳಿಗೆ. ಎರಡನೆಯ ದಿನ ಭಾವ ಗಂಡುಮಗುವೆಂದು ಕೂಗಿದರು. ಅವ್ವ ಸೆರಗಿನಿಂದ ಮುಖ ಒರೆಸಿಕೊಂಡು ನಕ್ಕಳು. ಮೂರನೆಯ ದಿನ ಸಂಜೆ ಆಚೆ ದಡದ ಕಬ್ಬಿಣ ಬಿಡದೆ ಬಡಿಯಿತು. ನಾಲ್ಕನೆಯ ದಿನ ನೀರು ಇಳಿದು ಅವಳು ದಾಟಿದಾಗ ಮಣ್ಣು ಮಾಡಿ ಆಗಿತ್ತು. ಅವಳು ಆ ಮಗುವಿನ ಮುಖ ನೋಡಲೇ ಇಲ್ಲ.

"ಯಾಕವ್ವಾ ಬರ್ಲಿಲ್ಲ?" ಎಂದಳಂತೆ ಅಕ್ಕ. "ಗೆರೆ ಮುಚ್ಚಿತ್ತು ಮಗಾ" ಎಂದಳಂತೆ ಅವ್ವ. ನಮ್ಮ ಕಡೆ ಅಷ್ಟು ಹೇಳಿದರೆ ಸಾಕಾಗುತ್ತಿತ್ತು.

ಮರುವರ್ಷ ಸರದಿಯ ಮನೆಯಲ್ಲಿ ಎಲ್ಲರಿಗೂ ಜ್ವರ. ಅವರ ಬದಲಿಗೆ ನಾನೇ ಹೋದೆ. ಆ ಸಲ ಅವಸರವಿರಲಿಲ್ಲ, ಕೂತು ಹಾವಸೆ ಕೆರೆದೆ. ಕಚ್ಚು ಸಿಕ್ಕಿತು. ನಾನು ಹಿಂದಿನ ವರ್ಷ ಎಳೆದಿದ್ದ ಗೆರೆಗಿಂತ ಒಂದು ಗೇಣು ಮೇಲಿತ್ತು.

ನಾಲ್ಕು ಬೆರಳು ನೀರು. ಒಂದು ಗೇಣು ಜಾಗ. ಅಂದು ಹರಿಗೋಲು ಇಳಿಯಬಹುದಿತ್ತು. ಮಗು ಹೇಗೂ ಉಳಿಯುತ್ತಿರಲಿಲ್ಲವೇನೋ, ಅವ್ವನ ಎಣ್ಣೆ ಬೆಳ್ಳುಳ್ಳಿಗೆ ಅಷ್ಟು ಶಕ್ತಿ ಇರಲಿಲ್ಲವೇನೋ. ಈ ಸಮಾಧಾನವನ್ನು ನಾನು ಹೇಳಿಕೊಂಡಷ್ಟು ಸಲ ದೇವರ ನಾಮವನ್ನೂ ಹೇಳಿಕೊಂಡಿಲ್ಲ. ಆದರೆ ಎರಡು ದಿನ ಬದುಕಿದ ಮೊಮ್ಮಗನನ್ನು ಅವ್ವ ಒಮ್ಮೆ ಎತ್ತಿಕೊಳ್ಳಬಹುದಿತ್ತು. ಅದನ್ನು ತಪ್ಪಿಸಿದವನು ನಾನು. ಮಳೆಯಲ್ಲ, ಕಾವೇರಿಯಲ್ಲ, ಕೆಂಚಯ್ಯನೂ ಅಲ್ಲ.

ಯಾರಿಗೂ ಹೇಳಲಿಲ್ಲ. ಅಂದಿನಿಂದ ಎಲ್ಲರ ಮನೆಯ ಸರದಿಯನ್ನೂ ನಾನೇ ವಹಿಸಿಕೊಂಡೆ. ಪುಣ್ಯದ ಕೆಲಸವೆಂದು ಊರು ಹೊಗಳಿತು. ಅಪಾತ್ರನಿಗೆ ಸಿಕ್ಕ ಹೊಗಳಿಕೆ ಎಷ್ಟು ಭಾರವೆಂದು ಹೊತ್ತವನಿಗೇ ಗೊತ್ತು. ಅವ್ವ ಪ್ರತಿವರ್ಷ ತಾನೇ ಸುಣ್ಣ ಕಲೆಸಿ ಕುಡಿಕೆಯನ್ನು ಕೈಗೆ ಕೊಡುತ್ತಿದ್ದಳು. ಹೀಗೆ ಎಷ್ಟೋ ವರ್ಷ ಕಳೆದ ಮೇಲೆ ಒಂದು ಬೇಸಿಗೆ, ಬಹಳ ದಣಿದಿದ್ದೆ. ಈ ಸಲ ಬೇರೆ ಯಾರಾದರೂ ಹೋಗಲಿ ಅವ್ವಾ ಎಂದೆ. ಅವಳು ಕಲೆಸುವ ಕೈ ನಿಲ್ಲಿಸದೆ, ತಲೆ ಎತ್ತದೆ ಹೇಳಿದಳು:

"ಬ್ಯಾರೆಯೋರು ಬ್ಯಾಡ ಕಣಪ್ಪ. ನೀನೇ ಹೋಗು. ಇನ್ನು ನಿನ್ನ ಕೈ ತಪ್ಪಕಿಲ್ಲ."

ಯಾವಾಗಿನಿಂದ ಗೊತ್ತಿತ್ತೆಂದು ನಾನು ಕೇಳಲಿಲ್ಲ. ಮೂರು ದಿನ ಆ ಕಲ್ಲಿನ ಪಕ್ಕದಲ್ಲೇ ಕೂತಿದ್ದವಳು ಅವಳು. ನೀರಿನ ಮೇಲೆ ಕಚ್ಚು ಕಂಡು, ಕೆಂಚಯ್ಯನಿಗೆ ಹೇಳಿದರೆ ಊರೆಲ್ಲ ನನ್ನನ್ನು ಏನೆನ್ನುತ್ತದೋ ಎಂದು ಅಲ್ಲಿಯೇ ಬಾಯಿ ಕಟ್ಟಿಕೊಂಡಳೋ, ಆಮೇಲೆ ತಿಳಿಯಿತೋ, ಅದೀಗ ಅವಳ ಜೊತೆಯೇ ಹೋಯಿತು. ಎರಡರಲ್ಲಿ ಯಾವುದೂ ನನಗೆ ನಿದ್ದೆ ತರುವಂಥದ್ದಲ್ಲ.

ಈಗ ಕಡವಿನ ಜಾಗದಲ್ಲೇ ಸೇತುವೆಯಿದೆ. ಗೆರೆಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಾರೆ. ಅಕ್ಕ ಇನ್ನೂ ಇದ್ದಾಳೆ, ಆಚೆ ದಡದಲ್ಲೇ, ನನ್ನ ನಿಧಾನದ ಕಾಲಿಗೂ ಹತ್ತು ನಿಮಿಷದ ದಾರಿ. ಗೆರೆ ಮುಚ್ಚಿತ್ತೆಂದೇ ಅವಳು ಇಂದಿಗೂ ನಂಬಿದ್ದಾಳೆ. ಈ ಕುಂಚವನ್ನು ಹಿಡಿದುಕೊಂಡು ಹೋಗಿ, ಅವಳ ಮುಂದೆ ಇಟ್ಟು ಎಲ್ಲ ಹೇಳಿಬಿಡಬೇಕೆಂದು ಪ್ರತಿ ಬೇಸಿಗೆಯೂ ಹೊರಡುತ್ತೇನೆ. ಸೇತುವೆಯ ನಡುವಿನವರೆಗೆ ಹೋಗುತ್ತೇನೆ. ಹಿಂತಿರುಗಿ ಬಂದು ಕುಂಚವನ್ನು ಮೊಳೆಗೆ ಸಿಕ್ಕಿಸುತ್ತೇನೆ.