ತೊಳೆದಿಟ್ಟ ಡಬ್ಬಿಗಳು

ನನ್ನ ತಮ್ಮನಿಗೆ ಒಂದು ಮಾತು ಹೇಳಬೇಕಿತ್ತು. ಹೇಳಲಿಲ್ಲ. ವರ್ಷಗಟ್ಟಲೆ ಹೇಳಲಿಲ್ಲ. ಈ ಭಾನುವಾರ ಬೆಳಿಗ್ಗೆ ಹಿತ್ತಲ ಕಲ್ಲಿನ ಮೇಲೆ ಪಾತ್ರೆ ಹರವಿಕೊಂಡು ಕೂತಿದ್ದೆ. ನಿಂಬೆ ಸೋಪಿನ ವಾಸನೆ ಮೂಗಿಗೆ ಬಡಿಯಿತು, ಆ ಮಾತು ಗಂಟಲಿಗೆ ಬಂದು ನಿಂತಿತು. ಸೋಪಿಗೂ ಮಾತಿಗೂ ಏನು ಸಂಬಂಧ ಎನ್ನುತ್ತೀರಾ? ಸ್ವಲ್ಪ ತಾಳಿ. ನಾನು ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು. ನೇರವಾಗಿ ವಿಷಯಕ್ಕೆ ಬರುವುದನ್ನು ಎಂಟನೆಯದರಲ್ಲಿ ಕಲಿಸುತ್ತಾರೇನೋ.

ತವರು ಹೊಳೆನರಸೀಪುರ. ನನ್ನನ್ನು ಕೊಟ್ಟಿದ್ದು ನುಗ್ಗೇಹಳ್ಳಿ ಹತ್ತಿರದ ತೆಂಗಿನ ತೋಟದ ಮನೆಗೆ. ತಮ್ಮ ಹಾಸನದಲ್ಲಿ ಎಂ.ಟೆಕ್ ಓದುತ್ತಿದ್ದಾಗ ಒಂದು ದಿನ ಬ್ಯಾಗಿನ ತುಂಬ ಬಿಳಿ ಪ್ಲಾಸ್ಟಿಕ್ ಡಬ್ಬಿ ತುಂಬಿಕೊಂಡು ಬಂದಿಳಿದ. ತೋಟದಲ್ಲಿ ಅಲ್ಲೊಂದು ಇಲ್ಲೊಂದು ಮರಕ್ಕೆ ಕಟ್ಟಿದ. ಮರಕ್ಕೆ ಸುಣ್ಣದಲ್ಲಿ ನಂಬರು, ಡಬ್ಬಿಗೆ ಸ್ಕೆಚ್ ಪೆನ್ನಿನಲ್ಲಿ ಅದೇ ನಂಬರು. ಮಣ್ಣಿನಲ್ಲಿ ತೇವ ಎಷ್ಟಿದೆ ಎಂದು ತಿಳಿದುಕೊಂಡ ಡಬ್ಬಿ ತಂತಿಯಿಲ್ಲದೆ ಪಕ್ಕದ ಡಬ್ಬಿಗೆ ಹೇಳುತ್ತದಂತೆ. ಅದು ಮುಂದಿನದಕ್ಕೆ. ಕೊನೆಗೆ ಸುದ್ದಿ ನಮ್ಮ ಜಗಲಿಯ ಮೇಲಿನ ಕಂಪ್ಯೂಟರಿಗೆ. ಊರಿನಲ್ಲಿ ನಾವು ಹೆಂಗಸರು ಮಾಡುವುದೂ ಅದನ್ನೇ, ಬ್ಯಾಟರಿ ಬೇಡ ಅಷ್ಟೆ.

ಕಷ್ಟವಿದ್ದದ್ದು ಯಾವ ಡಬ್ಬಿ ಯಾವುದಕ್ಕೆ ಹೇಳಬೇಕು, ಯಾವಾಗ ಹೇಳಬೇಕು ಎನ್ನುವುದರಲ್ಲಿ.

“ಎಲ್ಲಾ ಒಟ್ಗೇ ಮಾತಾಡಿದ್ರೆ ಯಾರ್ದೂ ಕೇಳಾಕಿಲ್ಲ ಕಣಕ್ಕಯ್ಯ,” ಎಂದ. “ಮನೆ ಹತ್ರದ್ ಡಬ್ಬಿ ಮೇಲೇ ಎಲ್ರೂ ಭಾರ ಹಾಕಿದ್ರೆ ಅದ್ರ ಬ್ಯಾಟ್ರಿ ಮೊದ್ಲು ಸಾಯ್ತದೆ.”

“ಅಂಗಾರೆ ಆ ಡಬ್ಬಿ ನಾನೇ ಬಿಡ್ಲಾ.”

ಅದಕ್ಕೆ ಅವನ ಬಳಿ ಇದ್ದ ಮದ್ದಿನ ಹೆಸರು ಜೆನೆಟಿಕ್ ಆಲ್ಗರಿದಮ್. ಹೆಸರು ಕೇಳಿ ನಾನು ಕಣ್ಣು ಬಿಟ್ಟಾಗ ಅಂಗಳದ ಕೋಳಿಗಳನ್ನು ತೋರಿಸಿದ.

“ಮೊದ್ಲು ಕಂಪ್ಯೂಟ್ರು ಕಣ್ಮುಚ್ಕಂಡು ರಾಶಿ ಪ್ಲಾನ್ ಹುಟ್ಟುಸ್ತದೆ. ಗಟ್ಟಿಯಾದೋವ್ನ ಮಾತ್ರ ಉಳಿಸ್ಕತೀನಿ. ಇದರರ್ಧ ಅದರರ್ಧ ಸೇರ್ಸಿ ಮರಿ ಮಾಡುಸ್ತೀನಿ. ಆ ಮರೀಲೂ ಗಟ್ಟೀವು ಉಳಿಸ್ಕಂಡು ಮತ್ತೆ ಮರಿ.”

“ಕೆಟ್ಟೋವ್ನ ಸಾರು ಮಾಡ್ತೀಯೇನ್ಲಾ?”

“ಅಂಗೇ ಅನ್ಕೋ. ಒಂದೊಂದ್ ಮರೀಲಿ ಬೇಕಂತ್ಲೇ ಏನಾರಾ ಒಂದು ಎಡವಟ್ಟು ಮಾಡ್ತೀನಿ. ಅದ್ರಿಂದ್ಲೂ ಒಳ್ಳೇದು ಹುಟ್ಬೋದು.”

ನನಗೆ ಥಟ್ಟನೆ ಅರ್ಥವಾಯಿತು. ನಮ್ಮ ಕೋಳಿಗಳಲ್ಲಿ ಒಮ್ಮೆ ಕತ್ತಿನ ಮೇಲೆ ಪುಕ್ಕವೇ ಇಲ್ಲದ ಹೇಂಟೆ ಹುಟ್ಟಿತ್ತು. ನೋಡಿದವರೆಲ್ಲ ನಕ್ಕರು. ಬೇಸಿಗೆಯಲ್ಲಿ ಉಳಿದವು ಬಾಯಿ ಬಿಟ್ಟುಕೊಂಡು ನೆರಳು ಹುಡುಕುವಾಗ ಅದೊಂದು ಗತ್ತಿನಿಂದ ಮೊಟ್ಟೆ ಇಡುತ್ತಿತ್ತು. ಅದರ ಸಂತಾನವನ್ನು ಬೇಡಿಕೊಂಡು ಹೋದವರು... ಕೋಳಿಯ ಹಿಂದೆ ಹೋದರೆ ನಾನು ವಾಪಸು ಬರುವುದಿಲ್ಲ, ಬಿಡಿ.

ಅಂತೂ ಪ್ಲಾನುಗಳು ಹುಟ್ಟಿ, ಸತ್ತು, ಮತ್ತೆ ಹುಟ್ಟಿ, ಒಂದು ಚೆಂದದ ಪ್ಲಾನು ಉಳಿಯಿತು. ಸಂಜೆ ತೋಟದಲ್ಲಿ ಓಡಿಸಿ ನೋಡಿದ. ಓಡಿತು! ಇಪ್ಪತ್ತು ದಾಟಿದ ಗಂಡು ಜಗಲಿಯ ಮೇಲೆ ಕುಣಿದ.

ಮಾರನೆಯ ದಿನ ಕಾಲೇಜಿನ ಮೇಷ್ಟ್ರುಗಳು ನೋಡಲು ಬರುವವರಿದ್ದರು. ಮನೆಗೆ ದೊಡ್ಡವರು ಬರುತ್ತಾರೆಂದರೆ ನಮ್ಮ ಕಡೆ ತೊಳೆಯದೆ ಬಿಡುವ ವಸ್ತು ಯಾವುದು? ಅಂಗಳ, ಹೊಸಿಲು, ಲೋಟ, ಕರುವಿನ ಮೈ. ಆ ಬೆಳಿಗ್ಗೆ ಮೇಷ್ಟ್ರುಗಳಿಗೆ ದಾರಿ ತೋರಿಸಲು ತಮ್ಮ ನುಗ್ಗೇಹಳ್ಳಿಗೆ ಹೋದ. ಡಬ್ಬಿಗಳ ಮೇಲೆ ನೋಡಿದರೆ ಕಾಗೆ ಹಿಕ್ಕೆ! ಬಿಚ್ಚಿ ತಂದು, ಒಳಗೆ ನೀರು ಹೋಗದಂತೆ ಜೋಪಾನವಾಗಿ ನಿಂಬೆ ಸೋಪು ಹಾಕಿ ಉಜ್ಜಿದೆ. ಫಳಫಳ ಹೊಳೆದವು. ಹಿಕ್ಕೆಯ ಜೊತೆ ನಂಬರುಗಳೂ ಹೋಗಿದ್ದವು. ಒಂದೇ ತಟ್ಟೆಯ ಇಡ್ಲಿಗಳ ಹಾಗೆ ಸಾಲಾಗಿ ಕೂತಿದ್ದವು, ಯಾವುದು ಯಾವುದೋ. ಅವನದೇ ಪೆನ್ನು ಹುಡುಕಿ, ತೋಚಿದಂತೆ ನಂಬರು ಬರೆದು, ಮರದ ನಂಬರಿಗೆ ತಾಳೆ ನೋಡಿ ಕಟ್ಟಿದೆ. ಡಬ್ಬಿಯೊಳಗಿನ ಯಂತ್ರಕ್ಕೆ ತನ್ನದೇ ಒಂದು ನಂಬರು ಇರುತ್ತದೆ, ಪ್ಲಾನು ಗುರುತಿಸುವುದು ಅದನ್ನೇ ಎಂದು ಆಗ ನನಗೇನು ಗೊತ್ತು? ಆಮೇಲೆ ಅವನು ಮೇಷ್ಟ್ರುಗಳಿಗೆ ವಿವರಿಸುವಾಗಲೇ ಅದು ನನ್ನ ಕಿವಿಗೆ ಬಿದ್ದದ್ದು.

ತೋಟದ ತುದಿಯ ಡಬ್ಬಿ, ತನ್ನ ಜೊತೆಯದು ಪಕ್ಕದಲ್ಲೇ ಇದೆಯೆಂದು ನಂಬಿ ಕರೆಯುತ್ತಿತ್ತು. ಕೇಳಬೇಕಾದದ್ದು ಮನೆಯ ಹತ್ತಿರ ನೇತಾಡುತ್ತಿತ್ತು. ಕಂಪ್ಯೂಟರಿನಲ್ಲಿ ಸುದ್ದಿಯೇ ಇಲ್ಲ. ದೊಡ್ಡ ಮೇಷ್ಟ್ರು ಎಳನೀರು ಕುಡಿಯುತ್ತ, “ಡಬ್ಬಿಗಳನ್ನಂತೂ ತುಂಬಾ ನೀಟಾಗಿ ಇಟ್ಟಿದ್ದೀರಿ” ಎಂದರು. ನಾನು ಹಿಗ್ಗಿದೆ. ತಮ್ಮ ಮರದಿಂದ ಮರಕ್ಕೆ ಓಡಿ ನಂಬರು ನೋಡಿ ಬಂದ. ಎಲ್ಲ ಸರಿಯಾಗಿತ್ತು. ಅವನ ಮುಖ ಕಂಡಾಗ ನನಗೆ ಅನುಮಾನ ಹೊಡೆಯಿತು. ಆಗಲೇ ಬಾಯಿ ಬಿಡಬೇಕಿತ್ತು. ಮೇಷ್ಟ್ರುಗಳ ಮುಂದೆ ದಡ್ಡಿ ಅನ್ನಿಸಿಕೊಳ್ಳಲು ನಾಚಿಕೆಯಾಯಿತು. ಅವನನ್ನು ದಡ್ಡ ಮಾಡಲು ನಾಚಿಕೆಯಾಗಲಿಲ್ಲ ನೋಡಿ.

ಪರೀಕ್ಷೆಯೇನೋ ಪಾಸಾದ, ಹಾಸನದಲ್ಲೇ ಪಾಠ ಹೇಳುವ ಕೆಲಸವೂ ಸಿಕ್ಕಿತು. ಡಬ್ಬಿಗಳನ್ನು ಮಾತ್ರ ಅವತ್ತೇ ಬಿಚ್ಚಿ ಮೂಟೆ ಕಟ್ಟಿದವನು ಮತ್ತೆ ಮುಟ್ಟಲಿಲ್ಲ, ಅವುಗಳ ಮಾತೆತ್ತಿದರೆ ಎದ್ದು ಹೋಗುತ್ತಿದ್ದ.

ಈ ಭಾನುವಾರ ಬಂದವನು ಹಿತ್ತಲ ಬಾಗಿಲಲ್ಲಿ ಕಾಫಿ ಹಿಡಿದು ಕೂತು ಹೇಳಿದ: ಆ ದೊಡ್ಡ ಮೇಷ್ಟ್ರೇ ಕರೆದಿದ್ದಾರಂತೆ, ಅದೇ ಕೆಲಸವನ್ನು ಮುಂದುವರಿಸಿ ಪಿಎಚ್‌ಡಿ ಮಾಡು ಎಂದು.

“ಏನಂದೆ?”

“ಇವತ್ತು ಹೇಳ್ತೀನಿ ಅಂದಿವ್ನಿ. ಆಗಾಕಿಲ್ಲ ಅಂತೀನಿ. ಒಂದಿನ ಓಡಿ ಮಾರ್ನೆ ದಿನ ಸತ್ತೋಗೋದ್ನ ಏನ್ ನಂಬೋದು? ನನ್ ಪ್ಲಾನು ಕಂಪ್ಯೂಟ್ರಾಗೆ ಓಡ್ತದೆ, ತ್ವಾಟದಾಗೆ ಓಡಾಕಿಲ್ಲ.” ಫೋನ್ ತೆಗೆದು ನಂಬರು ಒತ್ತತೊಡಗಿದ.

ನಾನು ಎದ್ದು ಹೋಗಿ ಫೋನ್ ಕಿತ್ತುಕೊಂಡೆ.

“ಅಯ್ಯೋ, ಒದ್ದೆ ಕೈ ಕಣಕ್ಕಯ್ಯ! ಏನಾಯ್ತು ನಿಂಗೆ?”

ಎಲ್ಲ ಹೇಳಿದೆ. ತೊಳೆದದ್ದು, ಅಳಿಸಿದ್ದು, ತೋಚಿದಂತೆ ಬರೆದದ್ದು, ಗೊತ್ತಾದ ಮೇಲೂ ಸುಮ್ಮನಿದ್ದದ್ದು. ಅವನ ಕಾಫಿ ಕೈಯಲ್ಲೇ ಆರಿತು.

“ಅಂಗಾರೆ... ಪ್ಲಾನ್ ಸರಿ ಇತ್ತಾ?”

“ಸರಿ ಇತ್ತು ಕಣ್ಲಾ.”

“ಇಷ್ಟ್ ವರ್ಷ ನನ್ನ ನಾನೇ ಪೆದ್ದ ಅನ್ಕಳಾಕೆ ಬಿಟ್ಬುಟ್ಟಲ್ಲಕ್ಕ.” ಅಕ್ಕಯ್ಯ ಎನ್ನಲಿಲ್ಲ. ಮುಖವನ್ನು ತೋಟದ ಕಡೆ ತಿರುಗಿಸಿಕೊಂಡ.

ಏನಾದರೂ ತಮಾಷೆ ಮಾಡಿ ಪಾರಾಗಲು ನೋಡಿದೆ. ಯಾವಾಗಲೂ ನಾಲಿಗೆಯ ತುದಿಯಲ್ಲಿರುವುದು ಆವತ್ತು ಒಂದೂ ಸಿಗಲಿಲ್ಲ. ಫೋನನ್ನು ಸೆರಗಿನಲ್ಲಿ ಒರೆಸಿ ಅವನ ಕೈಗಿಟ್ಟೆ.

“ತಪ್ಪಾಯ್ತು ಕಣಪ್ಪ. ಕೆಟ್ಟಿದ್ದು ನಿನ್ ಪ್ಲಾನಲ್ಲ, ಬಾಯ್ ಮುಚ್ಕಂಡಿದ್ ನಾನು. ತಪ್ಪಾಯ್ತು.”